ನೆಲ ಡೊಂಕು

ಒಂಬತ್ತು ವರ್ಷದ ಡಬ್ಬಿ. ಪಕ್ಕದ ಬಾಗಿಲು ಕಳಚಿ
ಹಳೆಯ ಪೇಪರಿನ ಮೇಲೆ ಮಲಗಿಸಿದ್ದೇನೆ.
ಬ್ರಶ್ಶಿಗೆ ಬಂದದ್ದು ವಿಕ್ರೋಲಿಯ ಧೂಳು, ಅಗರಬತ್ತಿಯ ಬೂದಿ,
ಒಂದು ಇರುವೆಯ ಪೂರ್ತಿ ಸಂಸಾರ.
ಪ್ರೊಸೆಸರಿನ ನೆತ್ತಿಯಲ್ಲಿ
ಎಲೆಯಡಿಕೆ ಡಬ್ಬಿಯ ಒಣಸುಣ್ಣದಂಥ ಪೇಸ್ಟು.

ಹೋದ ದೀಪಾವಳಿಗೆ ಕೊಂಡ ಗ್ರಾಫಿಕ್ಸ್ ಕಾರ್ಡು
ಎಲೆ ಹಾಕಿಸಿಕೊಂಡು ಕೂತಿದೆ,
ಬಡಿಸುವ ಮುದುಕ ಇನ್ನೂ
ಮೊದಲ ಪಂಕ್ತಿಯ ಆ ತುದಿಯಲ್ಲಿದ್ದಾನೆ.

ಆಟದಲ್ಲಿ ಮೂರನೇ ಮಹಡಿಯ ಮೆಟ್ಟಿಲು ತಿರುಗುವಲ್ಲಿ
ಪರದೆ ಗಕ್ಕನೆ ನಿಲ್ಲುತ್ತದೆ.
ಅರ್ಧ ಸೆಕೆಂಡು.
ಮತ್ತೆ ಚಲಿಸುವಾಗ ನಾನು ಸತ್ತಿರುತ್ತೇನೆ.
ಹಗಲೆಲ್ಲ ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ
ನಾನು ಹೇಳುವುದು ಎರಡೇ ಮಾತು:
ಸಾಂಸ್ ರೋಕೋ. ಛೋಡೋ.
ರಾತ್ರಿ ಈ ಡಬ್ಬಿ
ಯಾರ ಮಾತು ಕೇಳಿ ಉಸಿರು ಹಿಡಿಯುತ್ತದೋ.

ಕಿವಿಯಲ್ಲಿ ನಿನಾದ್, ಅರ್ಶಿಯಾ.
ಒಬ್ಬನಿಗೆ ಹತ್ತೊಂಬತ್ತು, ಒಬ್ಬಳಿಗೆ ಇಪ್ಪತ್ತು.
ಮುಖ ನೋಡಿಲ್ಲ. ನನ್ನ ನಲವತ್ತಮೂರು ಅವರಿಗೆ ಹೇಳಿಲ್ಲ.
ಗಾಬರಿಯಲ್ಲಿ ನಾನು ಎಡ! ಎಡ! ಎಂದು ಕೂಗಿದರೆ
ಮೊದಮೊದಲು ನೊಂದುಕೊಂಡಿದ್ದರು.
ಈ ಊರಲ್ಲಿ ಯೇಡಾ ಅಂದರೆ ಹುಚ್ಚ.
ಈಗ ಅವರಿಗೆ ಎಡ ಗೊತ್ತು, ಬಲ ಗೊತ್ತು,
ಹಾಳಾದವನೇ ಗೊತ್ತು.
ಅಷ್ಟು ಕನ್ನಡ.

ಗುರುವಾರ ರಜೆ. ಲ್ಯಾಮಿಂಗ್ಟನ್ ರೋಡು.
ಗಾಲಾ ಸೇಠ್ ಬಿಲ್ಲಿನ ಬೆನ್ನಿಗೆ ಲೆಕ್ಕ ಬರೆದರು:
ಹೊಸ ಪ್ರೊಸೆಸರ್ ನಿಮ್ಮ ಬೋರ್ಡಿಗೆ ಕೂರುವುದಿಲ್ಲ,
ಬೋರ್ಡು ಬದಲಿಸಿದರೆ ಹಳೆಯ ರ‍್ಯಾಮ್ ಕೂರುವುದಿಲ್ಲ,
ಅಷ್ಟೆಲ್ಲ ಬದಲಿಸಿ ಪವರ್ ಸಪ್ಲೈ ಒಂದನ್ನು ಬಿಟ್ಟರೆ
ಅದಕ್ಕೆ ಬೇಜಾರು.
ಮೂವತ್ತೆಂಟು ಸಾವಿರ.
ಮೂಗಿಗಿಂತ ಮೂಗುತಿ ಭಾರ, ಅಂದೆ ಮನಸ್ಸಿನಲ್ಲೇ.
ಕಛ್ಛಿಯವರಿಗೆ ಅದನ್ನು ಹೇಗೆ ದಾಟಿಸುವುದು.

ಇಲ್ಲವೇ ಇದು, ಎಂದು ಗಾಜಿನ ಕಪಾಟಿನಿಂದ ತೆಗೆದರು:
ನನ್ನ ಬೋರ್ಡಿಗೇ ಹೊಂದುವ, ಅದೇ ಕಾಲದ, ಅದರ ಹಿರಿಯಣ್ಣ.
ಅಂಧೇರಿಯಲ್ಲಿ ಮುಚ್ಚಿದ ಎಡಿಟಿಂಗ್ ಸ್ಟುಡಿಯೋದ್ದು.
ನಾಲ್ಕಲ್ಲ, ಎಂಟು ಕೋರ್. ಆರೂವರೆ ಸಾವಿರ.
ಏಳು ದಿನದ ಭರವಸೆ. ಎಂಟನೆಯ ದಿನ
ನೀವು ಯಾರೋ ನಾನು ಯಾರೋ.

ತೂಗಾಡುತ್ತ ನಿಂತವಳನ್ನು ಒಳಗೆ ಕೂರಿಸಿದರು,
ಹೊಸ ಯಂತ್ರದ ಮುಂದೆ. ಒಮ್ಮೆ ಆಡಿ ನೋಡಿ ಮೇಡಂ.
ಅದೇ ಆಟ. ಅದೇ ಮೆಟ್ಟಿಲು.
ಪರದೆ ಎಲ್ಲೂ ನಿಲ್ಲಲಿಲ್ಲ.
ಎದುರಾಳಿಯ ಒಂದೊಂದು ಹೆಜ್ಜೆಯೂ ಕಂಡಿತು,
ಬಂದೂಕು ಎತ್ತಿದ್ದೂ ಕಂಡಿತು.
ಸತ್ತೆ.
ಇನ್ನೊಮ್ಮೆ ಸತ್ತೆ, ಮತ್ತಷ್ಟು ಸ್ಪಷ್ಟವಾಗಿ.
ಅಂಗಡಿಯ ಹುಡುಗ ಬಹಳ ಮರ್ಯಾದೆಯಿಂದ
ಫ್ಯಾನು ನೋಡತೊಡಗಿದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ಆದರೆ ಕೇಳಿ, ನಮ್ಮ ಮನೆಯ ನೆಲ ನಿಜಕ್ಕೂ ಡೊಂಕು.
ಪೆನ್ನು ಬಿದ್ದರೆ ಬಚ್ಚಲ ಕಡೆಗೇ ಉರುಳುತ್ತದೆ,
ಮೇಜಿನ ಒಂದು ಕಾಲಿಗೆ ಮಡಿಚಿದ ರಟ್ಟಿದೆ.
ಅವಳ ನೆಲವನ್ನು ಯಾರಾದರೂ ಹೋಗಿ ಅಳೆದರೇ?
ಆ ಅರ್ಧ ಸೆಕೆಂಡಿನಲ್ಲಿ ಯಂತ್ರದ ಪಾಲೆಷ್ಟು, ನನ್ನದೆಷ್ಟು,
ನಾನು ತೆಗೆಯುವ ಯಾವ ಫಿಲ್ಮಿನಲ್ಲೂ ಬೀಳುವುದಿಲ್ಲ.

ಪೂರ್ತಿ ಹೊಸದು ತಂದಿದ್ದರೆ
ಬೈಯಲು ಮನೆಯಲ್ಲಿ ಯಾರೂ ಉಳಿಯುತ್ತಿರಲಿಲ್ಲ.
ಇದು ಹೊಳೆದದ್ದು ದಾದರ್ ದಾಟಿದ ಮೇಲೆ.
ಅಷ್ಟರಲ್ಲಿ ಆರೂವರೆ ಸಾವಿರದ್ದು
ಪಿನ್ನು ಬಾಗದಂತೆ ಫೋಮಿನ ಮೇಲೆ ಕೂತು
ನನ್ನ ಟಿಫಿನ್ ಡಬ್ಬಿಯಲ್ಲಿತ್ತು,
ಲೇಡೀಸ್ ಡಬ್ಬಿಯ ನೂಕಾಟದಲ್ಲಿ
ನಾನು ಅದನ್ನು ತಲೆಯ ಮೇಲೆ ಹಿಡಿದಿದ್ದೆ.

ಬಟಾಣಿಯಷ್ಟು ಪೇಸ್ಟು. ಚಿಲಕ. ಉಸಿರು ಹಿಡಿದು ಸ್ವಿಚ್ಚು.
ಹೊಸದಾ ಅಕ್ಕಾ? ಎಂದ ನಿನಾದ್.
ಹೊಸದಲ್ಲ. ನನಗೆ ಹೊಸದು.
ಮೆಟ್ಟಿಲು ಬಂತು. ತಿರುಗಿದೆ. ಪರದೆ ನಿಲ್ಲಲಿಲ್ಲ,
ಅಥವಾ ನಿಂತದ್ದು ನನಗೆ ತಿಳಿಯಲಿಲ್ಲ.
ಅರ್ಶಿಯಾ ಕಿರುಚಿದಳು: ಯೇಡಾ! ಯೇಡಾ!
ನನ್ನನ್ನೇ ಬೈಯುವುದಾದರೆ ಯೇಡೀ ಅನ್ನಬೇಕಿತ್ತು,
ಹಾಗಾದರೆ ಇದು ಎಡ,
ಎಂದು ಅರ್ಥವಾಗಲು
ಅರ್ಧ ಸೆಕೆಂಡು ಹಿಡಿಯಿತು.